ಕಾರಿನ ಕೂಲಂಟ್ ಕಡಿಮೆಯಾಗುತ್ತಿದ್ದರೆ: ಸೋರಿಕೆಯ ಪತ್ತೆಯಿಂದ ದುರಸ್ತಿಯವರೆಗೆ

ಎಂಜಿನ್ ಆಯಿಲ್ ಕಾರು ಓಡಿದಂತೆಲ್ಲ ಅಲ್ಪಸ್ವಲ್ಪ ಉರಿದುಹೋಗುತ್ತದೆ, ಗಾಜು ತೊಳೆಯುವ ನೀರು ಬಳಸಿದಷ್ಟೂ ಖಾಲಿಯಾಗುತ್ತದೆ. ಎಂಜಿನನ್ನು ತಂಪಾಗಿಡುವ ಕೂಲಂಟ್ ಮಾತ್ರ ಖರ್ಚಾಗುವ ದ್ರವವಲ್ಲ. ಎಂಜಿನ್, ರೇಡಿಯೇಟರ್ ಮತ್ತು ಹೀಟರ್‌ಗಳ ನಡುವಿನ ಮುಚ್ಚಿದ ದಾರಿಯಲ್ಲಿ, ಸಣ್ಣ ಕಾರಾದರೆ ನಾಲ್ಕೈದು ಲೀಟರಿನಷ್ಟು, ಅದೇ ದ್ರವ ವರ್ಷಗಟ್ಟಲೆ ಸುತ್ತುತ್ತಿರಬೇಕು. ಬಾನೆಟ್ ಕೆಳಗಿನ ಕೂಲಂಟ್ ಟ್ಯಾಂಕಿನ (ಎಕ್ಸ್‌ಪಾನ್ಷನ್ ಟ್ಯಾಂಕ್) ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದು, ತುಂಬಿಸಿದ ಕೆಲವೇ ವಾರಗಳಲ್ಲಿ ಪುನಃ ಇಳಿದರೆ, ಅದು ಎಲ್ಲಿಯೋ ಸೋರುತ್ತಿದೆ ಎಂದೇ ತಿಳಿಯಬೇಕು. ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಬಿಲ್ಲಿನಲ್ಲಿ ‘ಕೂಲಂಟ್ ಟಾಪ್ ಅಪ್’ ಎಂಬ ಸಾಲು ಕಾಣಿಸಿದರೂ ಬಹಳ ಮಂದಿ ಅದನ್ನು ಗಮನಿಸದೆ ಹಣ ಕಟ್ಟಿ ಬರುತ್ತಾರೆ. ನನ್ನ ಪ್ರಕಾರ ಇಡೀ ಬಿಲ್ಲಿನಲ್ಲಿ ಮೊದಲು ಪ್ರಶ್ನಿಸಬೇಕಾದ ಸಾಲು ಅದೇ. ಒಂದು ರಬ್ಬರ್ ಪೈಪ್ ಬದಲಿಸಿ ಮುಗಿಸಬಹುದಾಗಿದ್ದ ಕೆಲಸ ಎಂಜಿನ್ ಹೆಡ್ (ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಲೋಹದ ಭಾಗ) ಬಿಚ್ಚುವ ಮಟ್ಟಕ್ಕೆ ಬೆಳೆಯುವುದು, ಕಾರಣ ಹುಡುಕದೆ ಹೀಗೆ ತುಂಬಿಸುತ್ತಲೇ ಹೋದಾಗ.

ಇಲ್ಲಿ ಹೇಳಿರುವುದು ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಅನ್ವಯಿಸುತ್ತದೆ. ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ವಾಹನಗಳಲ್ಲಿ ಬ್ಯಾಟರಿಯನ್ನು ತಂಪಾಗಿಸುವ ಕೊಳವೆಗಳೂ ಇರಬಹುದಾದ್ದರಿಂದ, ಅವುಗಳಿಗೆ ಮನೆಯಲ್ಲಿ ಕೈ ಹಾಕದಿರುವುದೇ ಕ್ಷೇಮ.

ಮುಚ್ಚಳ ಮತ್ತು ಒತ್ತಡ

ಬಿಸಿಯಾದ ಎಂಜಿನ್‌ನೊಳಗೆ ಕೂಲಂಟ್ ಸಾಮಾನ್ಯವಾಗಿ 90ರಿಂದ 105 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಹರಿಯುತ್ತಿರುತ್ತದೆ. ಬರೀ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ರ ಆಸುಪಾಸಿಗೇ ಕುದಿಯುತ್ತದೆ. ಕೂಲಂಟಿನ ಮುಖ್ಯ ರಾಸಾಯನಿಕವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರನ್ನು ಸಮಪಾಲು ಬೆರೆಸಿದರೆ ಕುದಿಬಿಂದು ಸುಮಾರು 107ಕ್ಕೆ ಏರುತ್ತದೆ. ಅದರ ಮೇಲೆ ಸುಮಾರು ಒಂದು ಬಾರ್ ಒತ್ತಡವನ್ನು ಹಿಡಿದಿಡುವ ಸ್ಪ್ರಿಂಗ್ ಮುಚ್ಚಳ ಕೂತಿರುವುದರಿಂದ, ಪ್ರೆಶರ್ ಕುಕ್ಕರಿನಲ್ಲಿ ಆಗುವಂತೆಯೇ, ಅದು 125ನ್ನೂ ದಾಟುತ್ತದೆ. ಹಾಗಾಗಿ ಸೋರಿಕೆ ಎಷ್ಟೇ ಸಣ್ಣದಿರಲಿ, ಮುಚ್ಚಳದ ರಬ್ಬರ್ ಹರಿದಿದ್ದಷ್ಟೇ ಆಗಿರಲಿ, ಒತ್ತಡ ನಿಲ್ಲದಿದ್ದರೆ ಟ್ಯಾಂಕಿನಲ್ಲಿ ಸಾಕಷ್ಟು ದ್ರವ ಇದ್ದಾಗಲೂ ಎಂಜಿನ್‌ನ ಅತಿ ಬಿಸಿ ಜಾಗಗಳಲ್ಲಿ ಅದು ಆವಿಯಾಗತೊಡಗುತ್ತದೆ. ಆವಿ ಲೋಹದ ಬಿಸಿಯನ್ನು ದ್ರವದಷ್ಟು ಬೇಗ ಹೀರುವುದಿಲ್ಲ.

ಬಿಸಿಯಿರುವಾಗ ಮುಚ್ಚಳ ತೆರೆಯಬಾರದು ಎಂಬ ಮಾತಿನ ಹಿಂದಿರುವ ಕಾರಣವೂ ಇದೇ. ಒತ್ತಡದಿಂದಷ್ಟೇ ದ್ರವವಾಗಿ ಉಳಿದಿದ್ದ ಕೂಲಂಟ್, ಮುಚ್ಚಳ ಸಡಿಲಿದ ಕ್ಷಣವೇ ಕುದಿದು ಮೇಲಕ್ಕೆ ಚಿಮ್ಮಿ ಮುಖ, ಎದೆ, ಕೈಗಳನ್ನು ಬೇಯಿಸಿಬಿಡುತ್ತದೆ. ದಪ್ಪ ಬಟ್ಟೆ ಹಾಕಿ ತಿರುಗಿಸಿದರೂ ಅದು ರಕ್ಷಣೆಯಲ್ಲ.

ದಾರಿಯಲ್ಲಿ ಎಂಜಿನ್ ಬಿಸಿಯೇರಿದಾಗ

ಮೊದಲಿಗೆ, ಡ್ಯಾಶ್‌ಬೋರ್ಡಿನ ಉಷ್ಣಾಂಶದ ಮುಳ್ಳು ಎಷ್ಟು ಹೇಳುತ್ತದೆ, ಎಷ್ಟು ಹೇಳುವುದಿಲ್ಲ ಎಂಬುದು ಗೊತ್ತಿರಬೇಕು. ಅನೇಕ ಕಾರುಗಳಲ್ಲಿ ಉಷ್ಣಾಂಶ ಹತ್ತಾರು ಡಿಗ್ರಿ ಏರಿಳಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಅದನ್ನು ಹೊಂದಿಸಿರುತ್ತಾರೆ. ಆದ್ದರಿಂದ ಅದು ಮಧ್ಯದ ಗೆರೆ ಬಿಟ್ಟು ಮೇಲೇಳುವ ಹೊತ್ತಿಗೆ ಬಿಸಿ ಆಗಲೇ ಮಿತಿಯ ಹತ್ತಿರ ಬಂದಿರುತ್ತದೆ. ಹೊಸ ಸಣ್ಣ ಕಾರುಗಳಲ್ಲಿ ಹಲವಕ್ಕೆ ಮುಳ್ಳೇ ಇಲ್ಲ. ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿದಾಗ ಕೆಂಪು ದೀಪ, ಅಷ್ಟೇ. ಇದಕ್ಕಿಂತ ಅಪಾಯಕಾರಿಯಾದ ಸಂಗತಿ ಇನ್ನೊಂದಿದೆ. ಸೆನ್ಸರ್ ಅಳೆಯುವುದು ತನ್ನನ್ನು ಮುಟ್ಟಿ ಹರಿಯುವ ದ್ರವದ ಬಿಸಿಯನ್ನು. ರಬ್ಬರ್ ಪೈಪ್ (ಹೋಸ್) ಒಡೆದು ಕೂಲಂಟ್ ಪೂರ್ತಿ ಚೆಲ್ಲಿಹೋದರೆ ಸೆನ್ಸರ್ ಬರಿಗಾಳಿಯಲ್ಲಿ ಉಳಿಯುವುದರಿಂದ, ಎಂಜಿನ್ ಕೆಂಡವಾಗುತ್ತಿರುವಾಗಲೇ ಮುಳ್ಳು ಕೆಳಗಿಳಿಯಬಹುದು. ಮೇಲೇರಿದ ಮುಳ್ಳು ಓಡುತ್ತಿರುವಾಗಲೇ ಥಟ್ಟನೆ ಇಳಿದರೆ ಎಂಜಿನ್ ತಣ್ಣಗಾಯಿತೆಂದು ನೆಮ್ಮದಿಪಡದೆ, ಕಾರನ್ನು ತಕ್ಷಣ ನಿಲ್ಲಿಸಬೇಕು.

ಮುಳ್ಳು ಮಧ್ಯದಿಂದ ಮೇಲೇಳುತ್ತಿದೆ, ಕೆಂಪು ದೀಪ ಇನ್ನೂ ಹೊತ್ತಿಲ್ಲ, ನಿಲ್ಲಿಸಲು ಜಾಗವೂ ಇಲ್ಲ ಎಂದಿಟ್ಟುಕೊಳ್ಳಿ. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ತೆವಳುವಾಗ ಸಾಮಾನ್ಯವಾಗಿ ಎದುರಾಗುವ ಪರಿಸ್ಥಿತಿ ಇದು. ಕೂಡಲೇ ಎ.ಸಿ. ಆರಿಸಿ. ಎ.ಸಿ. ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಇದ್ದು, ತನ್ನ ಬಿಸಿಯನ್ನೆಲ್ಲ ಅದರ ಮೇಲೆಯೇ ಊದುತ್ತಿರುತ್ತದೆ. ನಂತರ ಗಾಜುಗಳನ್ನು ಇಳಿಸಿ, ಹೀಟರನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ಬ್ಲೋವರ್ ಗರಿಷ್ಠಕ್ಕೆ ಇಡಿ. ಒಳಗೆ ಕೂರುವುದು ಕಷ್ಟವಾಗುತ್ತದೆ, ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ ಆದ್ದರಿಂದ ಎಂಜಿನ್‌ನ ಬಿಸಿಯಲ್ಲಿ ಒಂದು ಪಾಲು ಅದರ ಮೂಲಕ ಹೊರಗೆ ಹೋಗುತ್ತದೆ. ಹೀಗೆ ಮಾಡಿದಾಗ ಒಳಗೆ ಬರುವ ಗಾಳಿ ಹೇಗಿದೆ ಎಂಬುದನ್ನು ಗಮನಿಸಿ. ಬಿಸಿ ಗಾಳಿ ಬಂದರೆ ಕೂಲಂಟ್ ಇನ್ನೂ ಸುತ್ತುತ್ತಿದೆ ಎನ್ನಬಹುದು. ಮುಳ್ಳು ಮೇಲಿದ್ದೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಕೂಲಂಟ್ ಅಲ್ಲಿಗೆ ತಲುಪುತ್ತಲೇ ಇಲ್ಲ. ಒಂದೋ ಅದು ಖಾಲಿಯಾಗಿದೆ, ಇಲ್ಲವೇ ಅದನ್ನು ಸುತ್ತಿಸುವ ವಾಟರ್ ಪಂಪ್ ಕೆಲಸ ನಿಲ್ಲಿಸಿದೆ. ಆಗ ಮುಂದಿನ ತಿರುವಿನವರೆಗೂ ಕಾಯದೆ, ಸಿಕ್ಕ ಮೊದಲ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ.

ಕೆಂಪು ದೀಪ ಹೊತ್ತಿದ್ದರೆ, ಬಾನೆಟ್ ಸಂದಿಯಿಂದ ಆವಿ ಬರುತ್ತಿದ್ದರೆ, ಅಥವಾ ಎಂಜಿನ್ ಶಕ್ತಿ ಕುಂದಿ ಟಕಟಕ ಸದ್ದು ಕೇಳಿಸಿದರೆ ಈ ಯಾವ ಉಪಾಯಕ್ಕೂ ಸಮಯವಿಲ್ಲ. ಹಜಾರ್ಡ್ ದೀಪ ಹಾಕಿ, ತಿರುವಿನಿಂದ ದೂರವಾಗಿ ರಸ್ತೆಯ ಎಡ ಅಂಚಿಗೆ ಸೇರಿಸಿ ಎಂಜಿನ್ ಆರಿಸಿಬಿಡಿ. ಇನ್ನೊಂದೆರಡು ಕಿಲೋಮೀಟರಿನಲ್ಲಿ ಊರು ಸಿಗುತ್ತದೆ ಎಂಬ ಆಸೆಯಿಂದ ಓಡಿಸಿದವರ ಕಾರುಗಳಲ್ಲೇ ಹೆಡ್ ಬೆಂಡ್ ಆಗಿರುವುದು ಹೆಚ್ಚು. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವ ಪ್ರಮಾಣ ಕಬ್ಬಿಣದ ಸುಮಾರು ಇಮ್ಮಡಿ. ಬೋಲ್ಟ್‌ಗಳಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುವ ಅಲ್ಯೂಮಿನಿಯಂ ಹೆಡ್ ಮಿತಿಮೀರಿ ಕಾದಾಗ ಹಿಗ್ಗಲು ಜಾಗವಿಲ್ಲದೆ ಬಾಗುತ್ತದೆ, ತಣ್ಣಗಾದ ಮೇಲೂ ಮೊದಲಿನ ಸಮತಲಕ್ಕೆ ಮರಳುವುದಿಲ್ಲ.

ಎಲ್ಲರನ್ನೂ ವಾಹನಗಳು ಓಡಾಡದ ಎಡ ಬದಿಯಿಂದ ಇಳಿಸಿ, ತಡೆಗೋಡೆಯಾಚೆ ನಿಲ್ಲಿಸಿ. ಕಾರಿನೊಂದಿಗೆ ಬಂದಿರುವ ಕೆಂಪು ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ, ಘಾಟಿಯಲ್ಲಾದರೆ ತಿರುವಿಗೂ ಮುಂಚೆಯೇ ಕಾಣುವಂತೆ ಇಡಿ. ಆವಿ ಬರುತ್ತಿದ್ದರೆ ಅದು ನಿಲ್ಲುವ ತನಕ ಬಾನೆಟ್ ಎತ್ತಬೇಡಿ, ಎತ್ತಿದ ಮೇಲೂ ಫ್ಯಾನಿನ ಹತ್ತಿರ ಕೈ ಒಯ್ಯಬೇಡಿ. ಕೀ ತೆಗೆದಿದ್ದರೂ ಅನೇಕ ಕಾರುಗಳಲ್ಲಿ ಅದು ತಾನೇ ತಿರುಗತೊಡಗುತ್ತದೆ. ಬಂಡೀಪುರದಂಥ ಕಾಡುದಾರಿಯಲ್ಲಿ ಮಾತ್ರ ಲೆಕ್ಕ ಬೇರೆ. ಅಲ್ಲಿ ಕಾರಿನಿಂದ ಇಳಿಯುವುದೇ ಅಪಾಯವಾದ್ದರಿಂದ, ಗಾಜು ಏರಿಸಿ ಒಳಗೇ ಕುಳಿತು ನೆರವು ಕೇಳಬೇಕು. ಕೂಲಂಟ್ ಮಟ್ಟದ ಬಗ್ಗೆ ಸಣ್ಣ ಅನುಮಾನವಿದ್ದರೂ ಅದನ್ನು ಗುಂಡ್ಲುಪೇಟೆಯಲ್ಲೇ ಬಗೆಹರಿಸಿಕೊಂಡು ಮುಂದೆ ಹೋಗುವುದು ಲೇಸು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033 ಸಹಾಯವಾಣಿಗೆ ಯಾವ ಹೊತ್ತಿನಲ್ಲಿಯೂ ಕರೆ ಮಾಡಬಹುದು, ಪ್ರಾಣಾಪಾಯವಿದ್ದರೆ 112.

ಎಂಜಿನ್ ಆರಿಸಿದ ಮೊದಲ ಕೆಲವು ನಿಮಿಷ ಅದರ ಬಿಸಿ ಇನ್ನಷ್ಟು ಏರುತ್ತದೆ, ಏಕೆಂದರೆ ಪಂಪ್ ನಿಂತಿದೆ, ಲೋಹದಲ್ಲಿರುವ ಬಿಸಿ ಒಂದೇ ಕಡೆ ನಿಂತ ದ್ರವಕ್ಕೆ ಇಳಿಯುತ್ತಿದೆ. ಆದ್ದರಿಂದ ಹತ್ತು ನಿಮಿಷ ಕಾದು ಮುಚ್ಚಳಕ್ಕೆ ಕೈ ಹಾಕುವುದು ಸರಿಯಲ್ಲ. ಕಡಿಮೆಯೆಂದರೂ ಮುಕ್ಕಾಲು ಗಂಟೆ ಬಿಡಿ, ಬೇಸಿಗೆಯ ಮಧ್ಯಾಹ್ನವಾದರೆ ಇನ್ನೂ ಹೆಚ್ಚು. ಎಂಜಿನ್ ಮೇಲೆಯೋ ರೇಡಿಯೇಟರ್ ಮೇಲೆಯೋ ತಣ್ಣೀರು ಸುರಿಯುವ ಅಭ್ಯಾಸ ಹೆದ್ದಾರಿಗಳಲ್ಲಿ ಈಗಲೂ ಕಾಣಸಿಗುತ್ತದೆ. ಕಾದ ಲೋಹದ ಒಂದು ಭಾಗ ಮಾತ್ರ ಹಠಾತ್ತನೆ ಕುಗ್ಗಿದರೆ ಬಿರುಕು ಬಿಡಬಹುದು, ಹಾಗಾಗಿ ಅದನ್ನು ಯಾರು ಸಲಹೆ ಮಾಡಿದರೂ ಒಪ್ಪಬೇಡಿ.

ತುಂಬಿಸುವುದು, ಮುಂದೆ ಓಡಿಸಬಹುದೇ ಎಂದು ನಿರ್ಧರಿಸುವುದು

ರೇಡಿಯೇಟರಿನ ಮೇಲಿನ ದಪ್ಪ ಹೋಸನ್ನು ಮೊದಲು ಬೆರಳ ತುದಿಯಿಂದ ಸವರಿ ನೋಡಿ, ಸುಡದಿದ್ದರೆ ಹಿಸುಕಿ. ಅದು ಸುಲಭವಾಗಿ ಅದುಮಿ ಬಂದರೆ ಒಳಗೆ ಒತ್ತಡ ಉಳಿದಿಲ್ಲ. ಆಗ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ ನಿಲ್ಲಿಸಿ. ಹಿಸ್ ಎಂಬ ಸದ್ದು ಬಂದರೆ ಅದು ಪೂರ್ತಿ ನಿಂತ ಮೇಲೆಯೇ ಉಳಿದದ್ದನ್ನು ತೆಗೆಯಿರಿ. ಮುಖವನ್ನು ಮುಚ್ಚಳದ ನೇರಕ್ಕೆ ತರಬೇಡಿ.

ಜೊತೆಗೆ ಕೂಲಂಟ್ ಇಲ್ಲದಿದ್ದರೆ ಕುಡಿಯುವ ನೀರಿನ ಬಾಟಲಿಯೇ ಸಾಕು. ತುರ್ತಿನಲ್ಲಿ ಯಾವ ಶುದ್ಧ ನೀರಾದರೂ ಖಾಲಿ ಎಂಜಿನ್‌ಗಿಂತ ಮೇಲು. ನಿಧಾನವಾಗಿ, ಅರ್ಧ ಲೀಟರಿನಂತೆ ತುಂಬಿಸಿ, ನಡುವೆ ಬಿಡುವು ಕೊಟ್ಟು ಮಟ್ಟ ನೋಡಿ. ಹೀಗೆ ತುಂಬಿಸುವಾಗಲೇ ಕಾರಿನಡಿ ಬಗ್ಗಿ ನೋಡಬೇಕು. ಹಾಕಿದ ನೀರು ಧಾರೆಯಾಗಿ ಕೆಳಗೆ ಇಳಿಯುತ್ತಿದ್ದರೆ ಓಡಿಸುವ ಮಾತೇ ಇಲ್ಲ, ಟೋಯಿಂಗ್ ವಾಹನ ಕರೆಸಿ. ತೊಟ್ಟಿಕ್ಕುತ್ತಿದ್ದರೆ, ಎಂಜಿನ್ ಚಾಲೂ ಮಾಡಿದಾಗ ಸದ್ದು ಸಹಜವಾಗಿದ್ದು ಹೊಗೆ ಇಲ್ಲದಿದ್ದರೆ, ಹತ್ತಿರದ ಗ್ಯಾರೇಜಿನವರೆಗೆ ಎ.ಸಿ. ಇಲ್ಲದೆ, ಹೀಟರ್ ಹಾಕಿಕೊಂಡು, ಕೆಲವು ಕಿಲೋಮೀಟರಿಗೊಮ್ಮೆ ನಿಲ್ಲಿಸಿ ಮಟ್ಟ ನೋಡುತ್ತ ಹೋಗಬಹುದು. ಎಂಜಿನ್ ಒಮ್ಮೆ ತಾನಾಗಿಯೇ ಆರಿಹೋಗಿದ್ದರೆ ಅಥವಾ ಸ್ಟಾರ್ಟರ್ ತಿರುಗಿಸಲು ತಡವರಿಸಿದರೆ ಮಾತ್ರ ಮತ್ತೆ ಚಾಲೂ ಮಾಡುವ ಪ್ರಯತ್ನವೇ ಬೇಡ.

ಹಣದ ದೃಷ್ಟಿಯಿಂದಲೂ ಇದು ಮುಖ್ಯ. ಸಾಮಾನ್ಯ ಕಾರು ವಿಮೆ ಯಾಂತ್ರಿಕ ಕೆಡುಕನ್ನೂ ಒಂದು ಹಾನಿಯ ಬೆನ್ನಿಗೆ ಹುಟ್ಟುವ ಮುಂದಿನ ಹಾನಿಯನ್ನೂ ಒಳಗೊಂಡಿರುವುದಿಲ್ಲ. ಅಪಘಾತದಲ್ಲಿ ರೇಡಿಯೇಟರ್ ಒಡೆದರೆ ಅದರ ಖರ್ಚು ಸಿಗಬಹುದು; ಒಡೆದ ಮೇಲೂ ಓಡಿಸಿದ್ದರಿಂದ ಎಂಜಿನ್ ಹಾಳಾದರೆ ಆ ಖರ್ಚು ಮಾಲೀಕನ ತಲೆಗೇ ಬರುತ್ತದೆ.

ಸೋರಿಕೆ ಎಲ್ಲಿದೆ ಎಂದು ಮನೆಯಲ್ಲಿ ಹುಡುಕುವ ಕ್ರಮ

ಸಂಜೆ ಕಾರು ನಿಲ್ಲಿಸಿದಾಗ ಅಗಲವಾದ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಎಂಜಿನ್ ಕೆಳಗೆ ಹಾಸಿ, ಅದರ ಮೇಲೆ ಮುಂದಿನ ಚಕ್ರಗಳ ಮತ್ತು ಬಂಪರಿನ ಜಾಗವನ್ನು ಪೆನ್ನಿನಿಂದ ಗುರುತು ಮಾಡಿ. ಬೆಳಿಗ್ಗೆ ರಟ್ಟಿನ ಮೇಲೆ ಬಿದ್ದ ಕಲೆ ಯಾವ ಭಾಗದ ಕೆಳಗಿದೆ ಎಂಬುದು ಅರ್ಧ ಉತ್ತರ ಕೊಡುತ್ತದೆ. ಕೂಲಂಟ್ ಬೆರಳಿಗೆ ಜಿಡ್ಡು ಜಿಡ್ಡಾಗಿ ಹತ್ತುತ್ತದೆ, ಹಸಿರು, ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣವಿರುತ್ತದೆ, ವಾಸನೆ ಸಿಹಿಯಾಗಿರುತ್ತದೆ. ಎ.ಸಿ. ಓಡಿಸಿದ ಮೇಲೆ ಮುಂದಿನ ಪ್ರಯಾಣಿಕರ ಕಾಲಿನ ನೇರಕ್ಕೆ ಕಾರಿನಡಿ ನೆಲಕ್ಕೆ ತೊಟ್ಟಿಕ್ಕುವ ತಿಳಿನೀರಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಅನೇಕ ಕಾರುಗಳ ಎಂಜಿನ್ ಅಡಿಯಲ್ಲಿ ಪ್ಲಾಸ್ಟಿಕ್ ತಟ್ಟೆ ಇರುವುದರಿಂದ, ಸೋರಿದ ಕೂಲಂಟ್ ಅದರೊಳಗೆ ನಿಂತು ಬೇರೆಲ್ಲಿಂದಲೋ ಇಳಿಯಬಹುದು, ಅಥವಾ ನೆಲಕ್ಕೆ ಬೀಳದೆಯೇ ಇರಬಹುದು. ರಟ್ಟು ಒಣಗಿದ್ದ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ತೀರ್ಮಾನಿಸಬೇಡಿ.

ಎಂಜಿನ್ ಪೂರ್ತಿ ತಣ್ಣಗಿರುವಾಗ ಟಾರ್ಚ್ ಹಿಡಿದು, ಕೂಲಂಟ್ ಹರಿಯುವ ದಾರಿಯನ್ನು ಒಂದು ತುದಿಯಿಂದ ಹಿಂಬಾಲಿಸಿ. ಹುಡುಕಬೇಕಾದದ್ದು ತೇವವನ್ನಲ್ಲ, ಒಣಗಿದ ಗುರುತನ್ನು. ಬಿಸಿ ಎಂಜಿನ್ ಮೇಲೆ ಒಸರಿದ ಕೂಲಂಟಿನ ನೀರು ಆವಿಯಾಗಿ, ಬಿಳಿಯ ಅಥವಾ ಕೂಲಂಟಿನ ಬಣ್ಣದ ಪುಡಿ ಮಾತ್ರ ಅಂಟಿಕೊಂಡು ಉಳಿಯುತ್ತದೆ. ಹೋಸ್ ಮತ್ತು ಲೋಹದ ಕೊಳವೆ ಕೂಡುವ ಕಡೆ, ಕ್ಲಾಂಪಿನ ಕೆಳ ಅಂಚಿನಲ್ಲಿ, ಬೆರಳಿಗೆ ಬಿಳಿ ಟಿಶ್ಯೂ ಸುತ್ತಿ ಒರೆಸಿ ನೋಡಿ. ಕಣ್ಣಿಗೆ ಕಾಣದ ಮೂಲೆಯಲ್ಲಿಯೂ ಟಿಶ್ಯೂಗೆ ಗುಲಾಬಿ ಅಥವಾ ಹಸಿರು ಹತ್ತಿದರೆ ಜಾಗ ಸಿಕ್ಕಿತೆಂದೇ ಲೆಕ್ಕ. ಹೋಸನ್ನು ಉದ್ದಕ್ಕೂ ಹಿಸುಕುತ್ತ ಹೋಗಿ. ಒಳ್ಳೆಯ ಹೋಸ್ ಗಟ್ಟಿಯಾಗಿದ್ದರೂ ಬಾಗುತ್ತದೆ. ಹಳೆಯದು ಒಂದೋ ಗರಿಗರಿಯಾಗಿ ಸೀಳು ತೋರಿಸುತ್ತದೆ, ಇಲ್ಲವೇ ತುದಿಯಲ್ಲಿ ಉಬ್ಬಿ ಮೆತ್ತಗಾಗಿರುತ್ತದೆ. ಕಾರು ಹಲವು ದಿನ ನಿಂತಲ್ಲೇ ನಿಂತಿದ್ದರೆ ಇಲಿ ಕಡಿದ ಗುರುತಿದೆಯೇ ಎಂದೂ ನೋಡಬೇಕು, ಅದರಲ್ಲೂ ಬ್ಯಾಟರಿಯ ಹಿಂಬದಿಯ ಸಣ್ಣ ಪೈಪುಗಳಲ್ಲಿ.

ಹೋಸ್‌ಗಳ ನಂತರ ರೇಡಿಯೇಟರ್. ಈಗಿನ ರೇಡಿಯೇಟರುಗಳ ನಡುವಿನ ಜಾಲರಿ ಅಲ್ಯೂಮಿನಿಯಂ, ಎರಡು ಬದಿಯ ಟ್ಯಾಂಕುಗಳು ಪ್ಲಾಸ್ಟಿಕ್. ಎರಡನ್ನೂ ರಬ್ಬರ್ ವಾಷರ್ ಇಟ್ಟು ಅಂಚು ಮಡಚಿ ಸೇರಿಸಿರುತ್ತಾರೆ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪೆಡಸಾಗಿ ಈ ಅಂಚಿನಲ್ಲಿಯೇ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಎಕ್ಸ್‌ಪಾನ್ಷನ್ ಟ್ಯಾಂಕಿನ ಬೆಸುಗೆಯ ಗೆರೆಯಲ್ಲಿಯೂ ಇದೇ ಕಥೆ.

ವಾಟರ್ ಪಂಪಿನ ಕೆಳಭಾಗದಲ್ಲಿ ಒಂದು ಪುಟ್ಟ ರಂಧ್ರವಿರುತ್ತದೆ. ಪಂಪಿನ ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಬರಲೆಂದೇ ಅದನ್ನು ಇಟ್ಟಿರುತ್ತಾರೆ. ಅಲ್ಲಿ ಬಣ್ಣದ ಗೆರೆ ಇಳಿದಿದ್ದರೆ ಪಂಪ್ ಬದಲಿಸುವ ಕಾಲ ಬಂದಿದೆ, ರಂಧ್ರವನ್ನು ಮುಚ್ಚಿಸುವುದು ಪರಿಹಾರವಲ್ಲ. ಟೈಮಿಂಗ್ ಬೆಲ್ಟ್ ತಿರುಗಿಸುವ ಪಂಪ್ ಆಗಿದ್ದರೆ ಬೆಲ್ಟ್ ಮತ್ತು ಪಂಪ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಕೂಲಿ ಒಮ್ಮೆಯೇ ತಗಲುತ್ತದೆ.

ಬಾನೆಟ್ ಕೆಳಗೆ ಏನೂ ಕಾಣದಿದ್ದರೆ ಕಾರಿನೊಳಗೆ ಬನ್ನಿ. ಮುಂದಿನ ಸೀಟಿನ ಕಾಲುಹಾಸಿನ ಕೆಳಗೆ ಕೈಯಿಟ್ಟು ನೋಡಿ. ಜಿಡ್ಡಿನ ಒದ್ದೆ, ಸಿಹಿ ವಾಸನೆ, ಬ್ಲೋವರ್ ಹಾಕಿದಾಗ ಮುಂಗಾಜಿಗೆ ಒಳಗಿನಿಂದ ಎಣ್ಣೆಯಂಥ ಮಬ್ಬು, ಈ ಮೂರೂ ಸೇರಿದರೆ ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕಾಯಿಲ್ ಸೋರುತ್ತಿದೆ.

ಹೊರಗೆ ಕಾಣದ ಸೋರಿಕೆ

ಹೊರಗೆಲ್ಲೂ ಒಂದು ಹನಿಯೂ ಇಲ್ಲ, ಆದರೂ ಮಟ್ಟ ಇಳಿಯುತ್ತಲೇ ಇದೆ ಎಂದರೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಎಂಜಿನ್ ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನ ಬರಬೇಕು. ಡೀಸೆಲ್ ಕಾರುಗಳಲ್ಲಿ ಇ.ಜಿ.ಆರ್. ಕೂಲರ್ (ಎಂಜಿನ್‌ಗೆ ಮರಳಿ ಕಳಿಸುವ ಹೊಗೆಯನ್ನು ತಂಪಾಗಿಸುವ ಭಾಗ) ಒಡೆದಿದ್ದರೂ ಕೂಲಂಟ್ ಸುಟ್ಟುಹೋಗಿ ಹೊಗೆಯ ಜೊತೆ ಹೊರಬೀಳುತ್ತದೆ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಚಾಲೂ ಮಾಡಿ ನೋಡಿ. ಟ್ಯಾಂಕಿನಲ್ಲಿ ಗುಳ್ಳೆಗಳು ಬಿಡುವಿಲ್ಲದೆ ಏಳುತ್ತಿದ್ದರೆ ಸಿಲಿಂಡರಿನ ಅನಿಲ ಕೂಲಂಟಿಗೆ ನುಗ್ಗುತ್ತಿದೆ ಎನ್ನಬಹುದು. ಮುಚ್ಚಳ ಹಾಕಿ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ, ಎಂಜಿನ್ ಬಿಸಿಯಾಗುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೂ ಅದೇ ಸೂಚನೆ. ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಸಿಹಿ ವಾಸನೆಯೊಡನೆ ಬರುತ್ತಲೇ ಇದ್ದರೆ ಅನುಮಾನ ಬಲವಾಗುತ್ತದೆ.

ಆಯಿಲ್ ವಿಷಯದಲ್ಲಿ ಆತುರದ ತೀರ್ಮಾನ ಬೇಡ. ಆಯಿಲ್ ಮಟ್ಟ ನೋಡುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಬರುವ ಆಯಿಲ್ ಸಮಪ್ರಮಾಣವಾಗಿ ಮಬ್ಬು ಕಂದಾಗಿ ನೊರೆಯಂತಿದ್ದರೆ ಕೂಲಂಟ್ ಬೆರೆತಿದೆ, ಆ ಕಾರನ್ನು ಚಾಲೂ ಮಾಡಲೇಬಾರದು, ಏಕೆಂದರೆ ಆ ಮಿಶ್ರಣ ಬೇರಿಂಗುಗಳನ್ನು ಕಾಯುವುದಿಲ್ಲ. ಆದರೆ ಆಯಿಲ್ ತುಂಬಿಸುವ ಮುಚ್ಚಳದ ಒಳಬದಿಯಲ್ಲಿ ಮಾತ್ರ ಸ್ವಲ್ಪ ನೊರೆ ಕಂಡು, ಡಿಪ್‌ಸ್ಟಿಕ್ ಶುದ್ಧವಾಗಿದ್ದರೆ, ಅದು ಮಳೆಗಾಲದಲ್ಲಿ ಸಣ್ಣ ಸಣ್ಣ ಓಡಾಟಗಳಿಂದ ಕೂಡಿದ ತೇವವಿರಬಹುದು. ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಇದು ಸಾಮಾನ್ಯ ದೃಶ್ಯ. ಅಷ್ಟಕ್ಕೇ ಹೆಡ್ ಬಿಚ್ಚಿಸಲು ಒಪ್ಪಬಾರದು.

ಸೋರಿಕೆ ಇಲ್ಲದೆಯೂ ಬಿಸಿಯೇರುತ್ತಿದ್ದರೆ

ಮಟ್ಟ ಸರಿಯಾಗಿಯೇ ಇದ್ದು, ಹೆದ್ದಾರಿಯಲ್ಲಿ ತೊಂದರೆ ಇಲ್ಲದೆ, ಸಿಗ್ನಲ್ ಮತ್ತು ಘಾಟಿಗಳಲ್ಲಿ ಮಾತ್ರ ಮುಳ್ಳು ಏರುವುದಾದರೆ ಮೊದಲು ಫ್ಯಾನ್ ನೋಡಿ. ನಿಂತ ಕಾರಿನಲ್ಲಿ ಎ.ಸಿ. ಹಾಕಿದರೆ ಬಹುತೇಕ ಕಾರುಗಳ ಫ್ಯಾನ್ ಸ್ವಲ್ಪ ಹೊತ್ತಿನಲ್ಲೇ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಮೋಟಾರ್, ಈ ಕ್ರಮದಲ್ಲಿ ಪರೀಕ್ಷೆಯಾಗಲಿ. ಇದಕ್ಕೆ ವ್ಯತಿರಿಕ್ತವಾಗಿ ವೇಗದಲ್ಲಿಯೂ ಬಿಸಿಯೇರಿದರೆ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರಬಹುದು ಅಥವಾ ಎಂಜಿನ್ ಬಿಸಿಯಾದ ಮೇಲೆ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟವಾದ ಥರ್ಮೋಸ್ಟಾಟ್ ತೆರೆಯುತ್ತಿಲ್ಲ. ಎಂಜಿನ್ ಅತಿ ಬಿಸಿಯಾಗಿದ್ದೂ ರೇಡಿಯೇಟರಿನ ಕೆಳಗಿನ ಹೋಸ್ ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರುವ ಸಾಧ್ಯತೆ ಹೆಚ್ಚು.

ನಮ್ಮ ಹಳ್ಳಿ ರಸ್ತೆಗಳಿಗೆ ಸಂಬಂಧಿಸಿದ ಒಂದು ಕಾರಣವನ್ನು ಕಾರಿನ ಕೈಪಿಡಿಗಳು ಹೇಳುವುದಿಲ್ಲ. ಸುಗ್ಗಿಯ ತಿಂಗಳುಗಳಲ್ಲಿ ರಾಗಿ, ಹುರುಳಿಯನ್ನು ಟಾರು ರಸ್ತೆಯ ಮೇಲೆ ಹರಡಿ ವಾಹನಗಳ ಚಕ್ರದಡಿ ಒಕ್ಕಣೆ ಮಾಡುವ ಕಡೆ ಕಾರು ಹಾದು ಬಂದರೆ, ಹೊಟ್ಟು ಗ್ರಿಲ್ ಮೂಲಕ ಒಳಗೆ ಹೋಗಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಯಲ್ಲಿ ತುಂಬಿಕೊಳ್ಳುತ್ತದೆ. ಮುಂದಿನಿಂದ ನೋಡಿದರೆ ಜಾಲರಿ ಸ್ವಚ್ಛವಾಗಿಯೇ ಕಾಣಿಸುತ್ತದೆ, ಗಾಳಿ ಮಾತ್ರ ದಾಟುವುದಿಲ್ಲ. ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡು ಸೈಲೆನ್ಸರಿನ ಬಿಸಿಗೆ ಹೊತ್ತಿ ಉರಿಯುವ ಅಪಾಯವೂ ಇದೆ. ಅಂಥ ರಸ್ತೆ ದಾಟಿದ ಮೇಲೆ ನಿಲ್ಲಿಸಿ ಕಾರಿನಡಿ ಸಿಕ್ಕಿದ್ದನ್ನು ಎಳೆದು ತೆಗೆಯಿರಿ, ನಂತರ ಜಾಲರಿಯನ್ನು ಎಂಜಿನ್ ಕಡೆಯಿಂದ ಮುಂದಕ್ಕೆ ಸಾಧಾರಣ ಒತ್ತಡದ ನೀರಿನಲ್ಲಿ ತೊಳೆಸಿ. ಜೋರು ಒತ್ತಡದ ವಾಟರ್ ಗನ್ ಅಲ್ಯೂಮಿನಿಯಂ ರೆಕ್ಕೆಗಳನ್ನು ಮಡಚಿಬಿಡುತ್ತದೆ.

ಗ್ಯಾರೇಜಿನಲ್ಲಿ

ಕಾರು ಬಿಡುವಾಗ ‘ಹೀಟ್ ಆಗ್ತಿದೆ, ನೋಡಿ’ ಎಂದಷ್ಟೇ ಹೇಳಿ ಬರಬೇಡಿ. ಎಷ್ಟು ದಿನಕ್ಕೆ ಎಷ್ಟು ಇಳಿಯುತ್ತದೆ, ಯಾವ ಸಂದರ್ಭದಲ್ಲಿ ಮುಳ್ಳು ಏರುತ್ತದೆ, ಎಲ್ಲಿ ಗುರುತು ಕಂಡಿತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಪ್ರೆಶರ್ ಟೆಸ್ಟ್ ಮಾಡಿಸಿ ಎಂದು ಸ್ಪಷ್ಟವಾಗಿ ಕೇಳಿ. ಮುಚ್ಚಳದ ಜಾಗದಲ್ಲಿ ಕೈಪಂಪ್ ಕೂರಿಸಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ತುಂಬಿ, ಹತ್ತು ಹದಿನೈದು ನಿಮಿಷ ಬಿಟ್ಟು ಮಾಪಕ ಇಳಿಯುತ್ತದೆಯೇ ಎಂದು ನೋಡುವ ಸರಳ ಪರೀಕ್ಷೆ ಇದು. ಎಂಜಿನ್ ತಣ್ಣಗಿರುವಾಗಲೇ ಸೋರಿಕೆಯ ಜಾಗವನ್ನು ಕಣ್ಣಾರೆ ತೋರಿಸುತ್ತದೆ. ಅದೇ ಪಂಪಿನಲ್ಲಿ ಮುಚ್ಚಳವನ್ನೂ ಪರೀಕ್ಷಿಸಬಹುದು. ಹೆಡ್ ಗ್ಯಾಸ್ಕೆಟ್ ಅನುಮಾನವಿದ್ದರೆ, ಟ್ಯಾಂಕಿನಿಂದ ಏಳುವ ಗಾಳಿಯನ್ನು ನೀಲಿ ರಾಸಾಯನಿಕದ ಮೂಲಕ ಹಾಯಿಸಿ, ಅದು ಹಳದಿಗೆ ತಿರುಗುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನೂ ಹೆಡ್ ಬಿಚ್ಚುವ ಮೊದಲೇ ಮಾಡಿಸಬೇಕು.

ಕೆಲವು ‘ಪರಿಹಾರ’ಗಳನ್ನು ನೇರವಾಗಿ ನಿರಾಕರಿಸಿ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿ ತೂತು ಮುಚ್ಚುವುದು ಲಾರಿ ಚಾಲಕರ ಹಳೆಯ ಉಪಾಯ. ನಿರ್ಜನ ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಹುಟ್ಟಿದ್ದು ಅದು. ಆದರೆ ತೂತನ್ನು ಮುಚ್ಚುವ ಪುಡಿ, ಅಂಗಡಿಯಲ್ಲಿ ಸಿಗುವ ಸ್ಟಾಪ್ ಲೀಕ್ ಆಗಿದ್ದರೂ, ಹೀಟರ್ ಕಾಯಿಲ್‌ನ ಕಿರಿದಾದ ನಾಳಗಳನ್ನೂ ಮುಚ್ಚಬಲ್ಲದು. ಬಿರುಕು ಬಿಟ್ಟ ಪ್ಲಾಸ್ಟಿಕ್ ಟ್ಯಾಂಕಿಗೆ ಎಂ-ಸೀಲ್ ಮೆತ್ತಿದರೆ ಊರು ಸೇರಬಹುದು, ಅದಕ್ಕಿಂತ ಹೆಚ್ಚು ನಂಬಬಾರದು. ಎಲ್ಲಕ್ಕಿಂತ ಕೆಟ್ಟದ್ದು, ‘ನಮ್ಮ ಬಿಸಿಲಿಗೆ ಇದು ಬೇಡ ಸಾರ್’ ಎಂದು ಥರ್ಮೋಸ್ಟಾಟನ್ನೇ ಕಿತ್ತು ಹಾಕುವುದು. ಹಾಗೆ ಮಾಡಿದ ಎಂಜಿನ್ ಸರಿಯಾದ ಉಷ್ಣಾಂಶ ತಲುಪದೆ ಹೆಚ್ಚು ಇಂಧನ ಕುಡಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಬಿಸಿಯೇರಲು ಇದ್ದ ನಿಜವಾದ ಕಾರಣವೂ ಹಾಗೆಯೇ ಉಳಿಯುತ್ತದೆ. ಕೆಟ್ಟಿದ್ದರೆ ಹೊಸದನ್ನು ಹಾಕಲಿ.

ಹೆಡ್ ಬಿಚ್ಚಲೇಬೇಕಾಗಿ ಬಂದರೆ, ಬರೀ ಗ್ಯಾಸ್ಕೆಟ್ ಬದಲಿಸಿ ಮುಚ್ಚಲು ಬಿಡಬೇಡಿ. ನೇರ ಪಟ್ಟಿ ಮತ್ತು ಫೀಲರ್ ಗೇಜ್ ಇಟ್ಟು ಹೆಡ್ ಎಷ್ಟು ಬಾಗಿದೆ ಎಂದು ಅಳೆಯಬೇಕು. ಅನೇಕ ಎಂಜಿನ್‌ಗಳಲ್ಲಿ ಒಪ್ಪಿತ ಮಿತಿ 0.05 ಮಿಲಿಮೀಟರ್ ಆಸುಪಾಸಿನದು. ಮಿತಿ ಮೀರಿದ್ದರೆ ಫೇಸಿಂಗ್ (ಯಂತ್ರದಲ್ಲಿ ಉಜ್ಜಿ ಸಮತಟ್ಟು ಮಾಡುವುದು) ಮಾಡಿಸಿ, ಬಿರುಕಿನ ಪರೀಕ್ಷೆಯೂ ಆಗಲಿ. ಬಿಗಿಯುವಾಗಲೇ ಹಿಗ್ಗುವ ಬಗೆಯ ಹೆಡ್ ಬೋಲ್ಟ್ ಇರುವ ಎಂಜಿನ್ ಆದರೆ ಹೊಸ ಬೋಲ್ಟ್‌ಗಳೇ ಬೇಕು.

ಮರುಭರ್ತಿ ಮತ್ತು ಗಾಳಿ ತೆಗೆಯುವುದು

ಕೂಲಂಟಿನ ಬಣ್ಣ ನೋಡಿ ಕೊಳ್ಳಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಪಾಲಿಸುವ ನಿಯಮವಿಲ್ಲ. ಒಬ್ಬರ ಹಸಿರು ಇನ್ನೊಬ್ಬರ ಹಸಿರಲ್ಲ. ಕಾರಿನ ಕೈಪಿಡಿ ಹೇಳುವ ಬಗೆಯನ್ನೇ ಹಾಕಿ, ಎರಡು ಬಗೆಗಳನ್ನು ಬೆರೆಸಬೇಡಿ. ಡಬ್ಬಿಯ ಮೇಲೆ ‘ರೆಡಿ ಟು ಯೂಸ್’ ಎಂದಿದ್ದರೆ ನೀರು ಬೆರೆಸಬಾರದು. ಸಾಂದ್ರ ಕೂಲಂಟ್ ಆದರೆ ಕೈಪಿಡಿಯ ಪ್ರಮಾಣದಲ್ಲಿ, ಸಾಮಾನ್ಯವಾಗಿ ಸಮಪಾಲು, ಡಿಸ್ಟಿಲ್ಡ್ ವಾಟರ್ ಬೆರೆಸಬೇಕು. ಬ್ಯಾಟರಿಗೆಂದು ಪೆಟ್ರೋಲ್ ಬಂಕುಗಳಲ್ಲಿ ಸಿಗುವ ಖನಿಜರಹಿತ ನೀರೇ ಇದಕ್ಕೂ ಆಗುತ್ತದೆ. ಬೋರ್‌ವೆಲ್ ನೀರು ಬೇಡವೇ ಬೇಡ. ಅದರ ಸುಣ್ಣ ರೇಡಿಯೇಟರಿನ ಕೊಳವೆಗಳ ಒಳಗೋಡೆಯಲ್ಲಿ ಪದರ ಕಟ್ಟುತ್ತದೆ. ನಮ್ಮಲ್ಲಿ ಹಿಮ ಬೀಳುವುದಿಲ್ಲವಾದ್ದರಿಂದ ಬರೀ ನೀರು ಸಾಕು ಎಂಬ ವಾದವನ್ನೂ ಒಪ್ಪಲಾಗದು, ಏಕೆಂದರೆ ಅಲ್ಯೂಮಿನಿಯಂ ಸವೆಯದಂತೆ ಕಾಯುವ ಮತ್ತು ಕುದಿಬಿಂದುವನ್ನು ಏರಿಸುವ ಗುಣ ಕೂಲಂಟಿನದು. ದಾರಿಯಲ್ಲಿ ತುರ್ತಾಗಿ ಹಾಕಿದ ನೀರನ್ನು ದುರಸ್ತಿಯ ವೇಳೆ ಪೂರ್ತಿ ಬಸಿಸಿ, ಹೊಸದಾಗಿಯೇ ತುಂಬಿಸಬೇಕು.

ತುಂಬಿಸುವಾಗ ಕಾರಿನ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಗಾಳಿ ತೆಗೆಯುವ ಸ್ಕ್ರೂ ಇದ್ದರೆ ಅದನ್ನು ಸಡಿಲಿಸಿ. ಗುಳ್ಳೆಯಿಲ್ಲದೆ ಕೂಲಂಟ್ ಬಂದಾಗ ಬಿಗಿ ಮಾಡಿ. ಮಟ್ಟ ಸರಿಪಡಿಸಿ, ಮುಚ್ಚಳವನ್ನು ಕೈಪಿಡಿ ಹೇಳುವಂತೆ ಹಾಕಿ, ಐಡ್ಲಿಂಗ್‌ನಲ್ಲಿ ಬಿಡಿ. ಥರ್ಮೋಸ್ಟಾಟ್ ಹೆಚ್ಚಿನ ಕಾರುಗಳಲ್ಲಿ 82ರಿಂದ 88 ಡಿಗ್ರಿಯ ಸುಮಾರಿಗೆ ತೆರೆಯುತ್ತದೆ. ಆಗ ಅದುವರೆಗೆ ತಣ್ಣಗಿದ್ದ ರೇಡಿಯೇಟರ್ ಹೋಸ್ ಬಿಸಿಯಾಗುತ್ತದೆ. ಫ್ಯಾನ್ ಎರಡು ಬಾರಿ ಓಡಿ ನಿಲ್ಲುವವರೆಗೆ ಕಾಯ್ದು, ಮುಂದಿನ ಬೆಳಿಗ್ಗೆ ತಣ್ಣಗಿರುವಾಗ ಮಟ್ಟ ನೋಡಿದರೆ ಸ್ವಲ್ಪ ಇಳಿದಿರುತ್ತದೆ. ಒಳಗೆ ಸಿಕ್ಕಿದ್ದ ಗಾಳಿ ಹೊರಬಂದದ್ದರಿಂದ ಹಾಗಾಗಿದೆ, ಒಮ್ಮೆ ತುಂಬಿಸಿ. ಟ್ಯಾಂಕಿನ ಮೇಲೆ ಆ ದಿನಾಂಕವನ್ನೂ ಮಟ್ಟದ ಗೆರೆಯನ್ನೂ ಮಾರ್ಕರಿನಿಂದ ಬರೆದಿಟ್ಟು, ಒಂದು ತಿಂಗಳು ಪ್ರತಿ ವಾರ ಬೆಳಿಗ್ಗೆ ನೋಡಿ. ಆ ಗೆರೆ ಕದಲದಿದ್ದರೆ ದುರಸ್ತಿ ಸರಿಯಾಗಿದೆ.

ಬಸಿದು ತೆಗೆದ ಹಳೆಯ ಕೂಲಂಟನ್ನು ಚರಂಡಿಗೋ ಅಂಗಳಕ್ಕೋ ಸುರಿಯಬೇಡಿ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ. ನಾಯಿ, ಬೆಕ್ಕುಗಳು ನೆಕ್ಕುತ್ತವೆ, ಮಕ್ಕಳೂ ಬಾಯಿಗೆ ಹಾಕಬಹುದು, ಮತ್ತು ಅದು ಮೂತ್ರಪಿಂಡಗಳನ್ನು ಕೆಡಿಸಿ ಕೊಲ್ಲುವ ವಿಷ. ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ತುಂಬಿ, ಹೆಸರು ಬರೆದು, ಹಳೆಯ ಆಯಿಲ್ ಪಡೆದುಕೊಳ್ಳುವ ಗ್ಯಾರೇಜಿಗೆ ಕೇಳಿ ಒಪ್ಪಿಸಿ. ನೆಲಕ್ಕೆ ಚೆಲ್ಲಿದ್ದನ್ನು ಮರಳು ಅಥವಾ ಮರದ ಹೊಟ್ಟು ಹಾಕಿ ಹೀರಿಸಿ ಬಳಿದು, ಜಾಗವನ್ನು ಸಾಕಷ್ಟು ನೀರಿನಲ್ಲಿ ತೊಳೆಯಿರಿ. ಯಾರಾದರೂ ಕುಡಿದಿದ್ದಾರೆಂಬ ಅನುಮಾನ ಬಂದರೂ ಲಕ್ಷಣಗಳಿಗೆ ಕಾಯದೆ, ಕೂಲಂಟಿನ ಡಬ್ಬಿಯನ್ನೂ ಜೊತೆಗೆ ಒಯ್ದು, ಆಗಿಂದಾಗಲೇ ಆಸ್ಪತ್ರೆಗೆ ಸೇರಿಸಿ. ಪ್ರಾಣಿಗಳಾದರೆ ಪಶುವೈದ್ಯರ ಬಳಿಗೆ.